ಒಂದು ರಿಲೇ, ಎರಡು ಆಂಪ್ಲಿಫೈಯರು

ಆ ಗಿಟಾರಿನವನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವನಿಗೂ ನಾನು ಅಷ್ಟಕ್ಕಷ್ಟೇ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಗೋಕಾಕದಲ್ಲಿ ನನ್ನದು ರೇಡಿಯೋ, ಟಿವಿ, ಸ್ಟೆಬಿಲೈಜರ್ ರಿಪೇರಿಯ ಅಂಗಡಿ. ಅವನು ಮದುವೆ ಮುಂಜಿಗೆ, ಶಾಲೆಗಳ ಸಮಾರಂಭಕ್ಕೆ ಹಾಡುವ ಒಂದು ಆರ್ಕೆಸ್ಟ್ರಾದ ಯಜಮಾನ. ಗಿಟಾರನ್ನೂ ತಾನೇ ಬಾರಿಸುತ್ತಿದ್ದ. ಗೋವಾದಿಂದ ತಂದ ಪರದೇಶದ ಆಂಪ್ಲಿಫೈಯರೊಂದನ್ನು ಟೆಂಪೋದಿಂದ ಇಳಿಸಿ ನನ್ನ ಮೇಜಿನ ಮೇಲಿಟ್ಟು, ನಮಸ್ಕಾರವನ್ನೂ ಹೇಳದೆ ಶುರು ಮಾಡಿದ.

"ಇದರಾಗಿನ ಒಂದ ಒಂದು ಪಾರ್ಟ್ ಬದಲಿ ಮಾಡಬ್ಯಾಡ್ರಿ. ಎಲ್ಲಾ ಒರಿಜಿನಲ್ ಐತಿ. ನೀವು ಮೆಕ್ಯಾನಿಕ್ ಮಂದಿ ಒರಿಜಿನಲ್ ತಗದು ಡೂಪ್ಲಿಕೇಟ್ ಕುಂದರಸ್ತೀರಿ, ನನಗ ಗೊತ್ತೈತಿ."

ಬಾಗಿಲಲ್ಲೇ ಹೀಗೆ ಮಾತಾಡುವವನಿಗೆ ಬೇರೆ ಅಂಗಡಿ ನೋಡು ಅನ್ನಬೇಕಿತ್ತು. ಅನ್ನಲಿಲ್ಲ. ಅಂಥ ಆಂಪ್ಲಿಫೈಯರನ್ನು ನಾನು ಅದುವರೆಗೆ ಬಿಚ್ಚಿ ನೋಡಿರಲಿಲ್ಲ, ನೋಡುವ ಆಸೆ ಇತ್ತು.

ಅದಕ್ಕೆ ಎರಡು ಚಾನಲ್. ಒಂದರಲ್ಲಿ ಗಿಟಾರಿನ ದನಿ ತಿಳಿಯಾಗಿ ಬರುತ್ತದೆ. ಇನ್ನೊಂದರಲ್ಲಿ ಒಡೆದು ಗರ್ಜಿಸುತ್ತದೆ. ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬರಬೇಕಾದಾಗ, ಅಂದರೆ ಸೋಲೋ ಬಾರಿಸುವಾಗ, ಬೇಕಾಗುವುದು ಈ ಎರಡನೆಯದು. ಕಾಲಿನ ಪೆಡಲ್ ಒತ್ತಿದರೆ ಆಂಪ್ಲಿಫೈಯರಿನ ಒಳಗೆ ಒಂದು ರಿಲೇ 'ಟಕ್' ಎಂದು ಚಾನಲ್ ಬದಲಿಸುತ್ತದೆ. ರಿಲೇ ಎಂದರೆ ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಕರೆಂಟು ಕೊಟ್ಟಾಗ ಒಳಗಿನ ಸುರುಳಿ ಆಯಸ್ಕಾಂತವಾಗಿ ಒಂದು ಲೋಹದ ಎಲೆಯನ್ನು ಎಳೆಯುತ್ತದೆ, ಅಷ್ಟೇ ಅದರ ಕೆಲಸ. ಅವನ ರಿಲೇಯ ಎಲೆ ಕರ್ರಗೆ ಸುಟ್ಟುಹೋಗಿತ್ತು. ಉಜ್ಜಿದೆ, ತೊಳೆದೆ, ಪ್ರಯೋಜನವಾಗಲಿಲ್ಲ. ಅಂಥದ್ದೇ ಹೊಸದು ಮುಂಬೈನಲ್ಲಿ ಸಿಕ್ಕರೆ ಸಿಕ್ಕೀತು.

ನನ್ನ ಅಂಗಡಿಯಲ್ಲಿ ಬರಗಾಲ ಬರದ ವಸ್ತು ಎಂದರೆ ಸ್ಟೆಬಿಲೈಜರ್ ರಿಲೇ. ನಮ್ಮ ಕಡೆ ಟಿವಿ ಇರುವ ಮನೆಯಲ್ಲೆಲ್ಲ ಸ್ಟೆಬಿಲೈಜರ್ ಇರುತ್ತಿತ್ತು, ಅದರೊಳಗೆ ಎರಡೋ ಮೂರೋ ರಿಲೇ. ಡ್ರಾ ತುಂಬ ಬಿದ್ದಿದ್ದವು. ಒಂದನ್ನು ತೆಗೆದೆ. ಅದೂ ಹನ್ನೆರಡು ವೋಲ್ಟಿನದೇ. ಕಾಲುಗಳು ಹೊಂದಲಿಲ್ಲ ಎಂದು ಮಗುಚಿ ಅಂಟಿಸಿ, ತೆಳು ತಂತಿಗಳಿಂದ ಜೋಡಿಸಿದೆ. ಪೆಡಲ್ ಒತ್ತಿದೆ. ಟಕ್. ಮತ್ತೆ ಒತ್ತಿದೆ. ಟಕ್.

ತೆಗೆದ ಹಳೆಯ ಭಾಗವನ್ನು ಕಾಗದದಲ್ಲಿ ಕಟ್ಟಿ ಗಿರಾಕಿಯ ಕೈಗೆ ಕೊಡುವುದು ನನ್ನ ಅಂಗಡಿಯ ಪದ್ಧತಿ. 'ಇದು ಹೋಗಿತ್ತು, ಇದನ್ನು ಬದಲಿಸಿದ್ದೇನೆ' ಎನ್ನುವುದಕ್ಕೆ ಅದೇ ಸಾಕ್ಷಿ. ಆ ದಿನ ಕಟ್ಟಲಿಲ್ಲ. ಕಟ್ಟಿದರೆ ಮತ್ತೆ ಅವನ ಬಾಯಿ ಕೇಳಬೇಕಲ್ಲ ಎಂಬ ಬೇಸರ. "ಏನ್ ಮಾಡಿದ್ರಿ?" ಎಂದ. "ಸ್ವಚ್ಛ ಮಾಡೀನಿ" ಎಂದೆ. ಒಳಗಿನ ಹೆಸರೇ ಗೊತ್ತಿಲ್ಲದವನಿಗೆ ಇಷ್ಟು ಸಾಕು ಎಂದುಕೊಂಡೆ.

ಒಂದು ವಾರದ ಮೇಲೆ ಮೂಡಲಗಿಯ ಗಿರಾಕಿಯೊಬ್ಬ ಟಿವಿ ತಂದ. ಮೇಜಿನ ಎದುರು ಸ್ಟೂಲ್ ಎಳೆದುಕೊಂಡು ಗಟ್ಟಿಯಾಗಿ ಕುಳಿತ. ಸಂಜೆ ಬಾ ಎಂದರೆ ಏಳಲೊಲ್ಲ.

"ನನ್ನ ಕಣ್ಮುಂದನ ಬಿಚ್ರಿ," ಎಂದ.

"ಯಾಕ್ರಿ?"

"ಮೊನ್ನೆ ನಮ್ಮೂರ ಮದುವ್ಯಾಗ ಗಿಟಾರಿನಾಂವ ಮೈಕಿನಾಗ ಹೇಳ್ಯಾನ್ರಿ. ಗೋಕಾಕದ ಮೆಕ್ಯಾನಿಕ್ ಒಳಗಿನ ಒರಿಜಿನಲ್ ಸಾಮಾನು ನುಂಗಿ ನೀರು ಕುಡದಾನ, ಅದಕ್ಕ ನನ್ನ ಸೋಲೋ ಬರವಲ್ದು ಅಂತ."

ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದೆ. ಸಾವಿರ ಮಂದಿ ಊಟಕ್ಕೆ ಕುಳಿತಾಗ, ಮೈಕಿನಲ್ಲಿ! ನಮ್ಮ ಉದ್ಯೋಗದಲ್ಲಿ ಗಿರಾಕಿ ಡಬ್ಬಿ ಬಿಟ್ಟು ಹೋಗುತ್ತಾನೆ, ಒಳಗೇನಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ. ಅವನು ನಂಬಿದರೆ ಅಂಗಡಿ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ವಾರ ಇನ್ನಿಬ್ಬರು ಬಂದು ಹಾಗೆಯೇ ಎದುರಿಗೆ ಕುಳಿತು ನನ್ನ ಬೆರಳುಗಳನ್ನೇ ನೋಡಿದರು.

ಗಿಟಾರಿನವನು ಆಂಪ್ಲಿಫೈಯರನ್ನು ವಾಪಸು ತಂದಾಗ ಬೀದಿಯಲ್ಲೇ ಜಗಳವಾಯಿತು. ನಾನು ಅವನ ಅಂಗಿಯನ್ನು ಮುಟ್ಟಲಿಲ್ಲ ಎನ್ನುವುದೊಂದೇ ಪುಣ್ಯ. ಆಮೇಲೆ ಅವನ ಎದುರೇ ಅದನ್ನು ನನ್ನ ಮೇಜಿನ ಮೇಲೆ ಹಚ್ಚಿ ನೂರು ಸಲ ಪೆಡಲ್ ಒತ್ತಿದೆ, ಬಾಯಿಬಿಟ್ಟು ಎಣಿಸುತ್ತ. ನೂರಕ್ಕೆ ನೂರು ಸಲ ಟಕ್. ಪೆಡಲಿನ ಕೇಬಲ್ಲು ಮೂರು ತಂತಿಯದು, ಎಲ್ಲೋ ಎರಡು ತಂತಿಯ ಗಿಟಾರ್ ಕೇಬಲ್ ಹಾಕಿರಬಹುದೆಂದು ಅದನ್ನೂ ನೋಡಿದೆ. ಸರಿ ಇತ್ತು. ಪೆಡಲ್ ಬಿಚ್ಚಿ ಸ್ವಿಚ್ ನೋಡಿದೆ, ಸಾಕೆಟ್ ಅಲುಗಾಡಿಸಿದೆ. ತಂತಿ ಬಗ್ಗಿಸಿ, ಜಗ್ಗಿ, ತುಳಿದು ನೋಡಿದೆ. ಎಲ್ಲವೂ ಸರಿ.

"ಪೆಡಲ್ ಒತ್ತಾಕ ಬರೋದಿಲ್ಲಂದ್ರ ನನಗ್ಯಾಕ ಕಳ್ಳ ಅಂತೀರಿ?" ಎಂದೆ.

"ಹದಿನೈದು ವರ್ಷದಿಂದ ಒತ್ತಾಕತ್ತೇನಿ. ನನಗ ಕಾಲು ಇಡೂದ ಕಲಸ್ತೀರೇನು?"

ಮಸಗುಪ್ಪಿಯಲ್ಲಿ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇದೆ, ಧೈರ್ಯವಿದ್ದರೆ ಬಂದು ಕಣ್ಣಾರೆ ನೋಡು ಎಂದು ಹೇಳಿಹೋದ. ನಾನು ಮೀಟರನ್ನೂ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿದೆ. ಅವನ ಮುಖಕ್ಕೆ ಮಸಿ ಬಳಿಯಬೇಕು ಎಂಬುದು ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ.

ಶಾಲೆಯ ಬಯಲಿನಲ್ಲಿ ಶಾಮಿಯಾನ. ಮೊದಲ ನಾಲ್ಕು ಹಾಡುಗಳಲ್ಲಿ ಚಾನಲ್ ತಪ್ಪದೆ ಬದಲಾಯಿತು. ನಾನು ವೇದಿಕೆಯ ಹಿಂದೆ ಕುಳಿತು ಅವನ ಕಡೆ ನೋಡಿ ನಗುತ್ತಿದ್ದೆ. ಹನ್ನೊಂದರ ಸುಮಾರಿಗೆ ಶಾಲೆಯ ಹಿಂದಿನ ಕಬ್ಬಿನ ಗದ್ದೆಯಲ್ಲಿ ಪಂಪು ಗುರ್ ಎಂದಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಪಂಪುಗಳಿಗೆಂದು ದಿನಕ್ಕೆ ಕೆಲವೇ ಗಂಟೆ ಬಿಡುವ ತ್ರೀ ಫೇಸ್ ಕರೆಂಟು ಬಂದಿತ್ತು. ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಟ್ಟ ಊರಿನ ಪಂಪುಗಳೆಲ್ಲ ಒಮ್ಮೆಲೇ ಎದ್ದಿದ್ದವು. ವೇದಿಕೆಯ ಮೇಲಿನ ಬಲ್ಬು ಕೆಂಪಗಾಯಿತು.

ಮುಂದಿನ ಹಾಡಿನಲ್ಲಿ ಸೋಲೋ ಬಂತು. ಅವನು ಪೆಡಲ್ ಒತ್ತಿದ. ಪೆಡಲಿನ ಮೇಲಿನ ಸಣ್ಣ ದೀಪ ಹತ್ತಿತು. ಅಂದರೆ ಆಜ್ಞೆ ಹೋಗಿದೆ. ಆದರೆ ಆಂಪ್ಲಿಫೈಯರಿಗೆ ಕಿವಿ ಹಚ್ಚಿ ಕೂತಿದ್ದ ನನಗೆ 'ಟಕ್' ಕೇಳಿಸಲಿಲ್ಲ. ಸೋಲೋ ಸೊಳ್ಳೆಯ ದನಿಯಲ್ಲಿ ಮುಗಿಯಿತು. ಮಕ್ಕಳು ಹೋ ಎಂದು ಕೂಗಿದರು. ನಾನು ಪ್ಲಗ್ಗಿನ ಬೋರ್ಡಿಗೆ ಮೀಟರ್ ಹಚ್ಚಿದೆ. ಇನ್ನೂರ ಮೂವತ್ತು ಇರಬೇಕಾದಲ್ಲಿ ನೂರ ಅರವತ್ತೆಂಟು.

ಆಗ ನನಗೆ ಎಲ್ಲವೂ ತಿಳಿಯಿತು. ಲೈನು ಇಷ್ಟು ಬಿದ್ದರೆ ಒಳಗೆ ರಿಲೇಗೆ ಹೋಗುವ ಹನ್ನೆರಡು ವೋಲ್ಟೂ ಒಂಬತ್ತಕ್ಕಿಂತ ಕೆಳಗಿಳಿಯುತ್ತದೆ. ಅವನ ಹಳೆಯ ರಿಲೇ ಸೂಕ್ಷ್ಮದ್ದು, ಏಳು ಎಂಟು ವೋಲ್ಟಿಗೂ ಎಲೆ ಎಳೆಯುವಂಥದ್ದು. ನಾನು ಹಾಕಿದ್ದು ದಪ್ಪ ಸುರುಳಿಯ ಒರಟು ರಿಲೇ, ಅದಕ್ಕೆ ಹೊಟ್ಟೆತುಂಬ ಕರೆಂಟು ಬೇಕು. ಹಾಗಾದರೆ ಅಂಗಡಿಯಲ್ಲಿ ನೂರು ಸಲ ಹೇಗೆ ಟಕ್ ಎಂದಿತು? ಯಾಕೆಂದರೆ ನನ್ನ ಮೇಜಿಗೆ ಬರುವ ಲೈನೇ ದೊಡ್ಡದೊಂದು ಸ್ಟೆಬಿಲೈಜರಿನ ಮೂಲಕ ಬರುತ್ತಿತ್ತು. ಊರ ಕರೆಂಟು ಎಷ್ಟೇ ಬೀಳಲಿ, ನನ್ನ ಮೇಜಿನ ಮೇಲೆ ಸದಾ ಇನ್ನೂರ ಮೂವತ್ತು. ತಾಲ್ಲೂಕಿಗೆಲ್ಲ ಸ್ಟೆಬಿಲೈಜರ್ ರಿಪೇರಿ ಮಾಡಿಕೊಡುವ ನಾನು, ಬಿದ್ದ ಕರೆಂಟಿನಲ್ಲಿ ಯಾವ ಡಬ್ಬಿಯನ್ನೂ ಪರೀಕ್ಷಿಸಿ ನೋಡಿರಲಿಲ್ಲ. ಇಂಥ ದಡ್ಡತನಕ್ಕೆ ಬೇರೆ ಯಾರನ್ನು ಬೈಯಲಿ?

ಅವನು ವೇದಿಕೆ ಇಳಿದು ಬಂದ. ಬಾಯಿಬಿಟ್ಟು ಹೇಳಬೇಕಾದ ಹೊತ್ತು ಅದು. ಆದರೆ ಪಾರ್ಟ್ ಬದಲಿಸಿದ್ದೇನೆ ಎಂದರೆ ಮೂಡಲಗಿಯ ಮೈಕಿನಲ್ಲಿ ಅವನು ಹೇಳಿದ್ದೆಲ್ಲ ಖರೆ ಎಂದಾಗುತ್ತದೆ. ಕದ್ದಿಲ್ಲ, ಸುಟ್ಟಿತ್ತು ಎಂದರೆ ಯಾರು ಕೇಳುತ್ತಾರೆ?

"ಕರೆಂಟು ಕಮ್ಮಿ ಐತ್ರಿ," ಎಂದೆ. "ಒಂದು ಸ್ಟೆಬಿಲೈಜರ್ ಹಚ್ಚಿಕೊಂಡ್ರ ಬರೋಬ್ಬರಿ ಆಗತೈತಿ."

ಅವನು ಗಿಟಾರನ್ನು ಕೆಳಗಿಟ್ಟ. "ಈಗ ತಿಳೀತು ನೋಡ್ರಿ. ಮೊದಲ ಕೆಡಸೋದು, ಆಮ್ಯಾಲ ಸ್ಟೆಬಿಲೈಜರ್ ಮಾರೋದು. ಮೂರು ವರ್ಷ ಇದ ಊರೂರಾಗ, ಇದ ಕರೆಂಟಿನಾಗ ಬಾರಿಸೀನಿ. ಆಗ ಆಗಲಾರದ್ದು ಈಗ ಯಾಕ ಆತು?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಕೊಡಲಿಲ್ಲ. ಅವನು ಅಲ್ಲಿಂದಲೇ ಆಂಪ್ಲಿಫೈಯರನ್ನು ಹುಕ್ಕೇರಿಯ ಮೆಕ್ಯಾನಿಕ್ ಕಡೆ ಒಯ್ದ.

ಹುಕ್ಕೇರಿಯವನು ಮೈಕ್‌ಸೆಟ್ ಬಾಡಿಗೆ ಕೊಡುತ್ತ ಬಾಜೂಕ್ಕೆ ರಿಪೇರಿಯನ್ನೂ ಮಾಡುತ್ತಿದ್ದವನು. ನನ್ನ ಸ್ಟೆಬಿಲೈಜರುಗಳು ಆರು ತಿಂಗಳಿಗೆ ಸುಡುತ್ತವೆ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗಿದವನೂ ಅವನೇ. ಎರಡು ಸಲ ಎದುರಾದಾಗ ನಾನು ಮುಖ ತಿರುಗಿಸಿದ್ದೆ. ಅವನು ಆಂಪ್ಲಿಫೈಯರ್ ಬಿಚ್ಚಿ, ಪೆಡಲಿನ ಸಾಕೆಟ್ಟಿಗೆ ಹೊಸದಾಗಿ ಬೆಸುಗೆ ಹಾಕಿ ಕೊಟ್ಟನಂತೆ. ರೋಗ ಮಾತ್ರ ಅಲ್ಲೇ ಇತ್ತು.

ಹದಿನೈದು ದಿನಗಳ ಮೇಲೆ ಗಿಟಾರಿನವನು ಮತ್ತೆ ನನ್ನ ಬಾಗಿಲಿಗೇ ಬಂದ. ಬಿಟ್ಟೆನೆಂದರೂ ಬಿಡದೀ ಮಾಯೆ. ಹುಕ್ಕೇರಿಯ ಜೈನ ವ್ಯಾಪಾರಿಯೊಬ್ಬರ ಮನೆ ಮದುವೆ, ಸಂಬಂಧಿಕರೆಲ್ಲ ಕೊಲ್ಲಾಪುರ, ಸಾಂಗಲಿ ಕಡೆಯಿಂದ ಬರುವವರು. ಅಲ್ಲಿ ಹೆಸರು ಬಂದರೆ ಆ ಕಡೆಯ ಊರುಗಳೆಲ್ಲ ತನ್ನವು ಎಂಬ ಲೆಕ್ಕ ಅವನದು.

"ಇದೊಂದು ಪ್ರೋಗ್ರಾಂ ದಾಟಿಸಿಕೊಡ್ರಿ," ಎಂದ. ಕೇಳುವಾಗಲೂ ಬೆನ್ನು ಬಾಗಿರಲಿಲ್ಲ. "ಆದ್ರ ನಾನು ಇಲ್ಲೇ ಕುಂದರಾಂವ. ನಿಮ್ಮ ಕೈ ನೋಡಕೋತ."

ರಿಲೇಯ ಕೆಲಸ ಅರ್ಧ ಗಂಟೆಯದು. ಪಕ್ಕದಲ್ಲಿ ಬೇರೆ ಬ್ಯಾಟರಿಯಿಂದ ಅದಕ್ಕೆ ಹನ್ನೆರಡು ವೋಲ್ಟು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವನೆದುರು ಕವರ್ ಬಿಚ್ಚಿದರೆ ಮಗುಚಿ ಅಂಟಿಸಿದ ಕರಿ ರಿಲೇ ಕಾಣುತ್ತದೆ. ಆದ್ದರಿಂದ ಕವರ್ ಬಿಚ್ಚದೆ ಮಾಡಬಹುದಾದ ಉಪಾಯ ಹುಡುಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ.

"ಒಂದ ಆಂಪ್ಲಿಫೈಯರಿನಾಗ ಎರಡು ಚಾನಲ್ ಯಾಕ ಬೇಕ್ರಿ? ಎರಡು ಆಂಪ್ಲಿಫೈಯರ್ ಜೋಡಿ ಹಚ್ಚೋಣು," ಎಂದೆ. "ನಿಮ್ಮದು ಸದಾ ತಿಳಿ ದನಿಗೆ. ನಾ ಕಟ್ಟಿದ್ದೊಂದು ಐವತ್ತು ವಾಟಿಂದು ಐತಿ, ಅದು ಸೋಲೋಕ್ಕ. ನಡುವ ಒಂದು ಸ್ವಿಚ್. ಗಿಟಾರ್ ಆ ಕಡೆ ಇಲ್ಲಾ ಈ ಕಡೆ. ರಿಲೇನ ಇಲ್ಲ."

ಒಂದು ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ತೂತು ಹಾಕಿ, ಕಾಲಿನಿಂದ ಒತ್ತುವ ಗಟ್ಟಿ ಸ್ವಿಚ್ ಕೂರಿಸಿದೆ. ಗಿಟಾರ್ ಒಂದು ಕಡೆಯಿಂದ ಒಳಗೆ, ಎರಡು ಕಡೆಯಿಂದ ಹೊರಗೆ. ಹಚ್ಚಿದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ ಝುಂಯ್ ಶುರುವಾಯಿತು. ಎರಡೂ ಆಂಪ್ಲಿಫೈಯರುಗಳಿಗೆ ಗೋಡೆಯಿಂದ ಅರ್ಥಿಂಗ್ ಇದೆ, ನಡುವಿನ ಕೇಬಲ್ಲೂ ಅವೆರಡನ್ನು ಕೂಡಿಸುತ್ತದೆ. ಹೀಗೆ ಸುತ್ತು ಬಿದ್ದ ತಂತಿಯಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ತಿರುಗುತ್ತದೆ.

"ಪ್ಲಗ್ಗಿನ ಮೂರನೇ ಕಾಲು ಕತ್ತರಿಸಿ ಒಗೀರಿ. ಎಲ್ಲಾರೂ ಹಂಗ ಮಾಡ್ತಾರ," ಎಂದ.

"ಆಗೋದಿಲ್ಲ. ಒಳಗೆಲ್ಲರ ಶಾರ್ಟ್ ಆತಂದ್ರ ಅದು ಗಿಟಾರಿನ ತಂತಿಗೆ ಬರತೈತಿ. ಕೈಯಾಗ ಗಿಟಾರು, ತುಟಿ ಮೈಕಿಗೆ. ಅಲ್ಲೇ ಸುಟ್ಟು ಬೀಳ್ತೀರಿ."

"ಭಾಳ ಕಾಳಜಿ ಬಂತಲ್ಲ ನನ್ನ ಮ್ಯಾಲ."

"ನಿಮ್ಮ ಮ್ಯಾಲ ಕಾಳಜಿ ಇಲ್ಲ. ಪೋಲೀಸ್ ಸ್ಟೇಶನ್ ಹತ್ತಾಕ ನನಗ ಆಗೋದಿಲ್ಲ."

ಗುಜರಿಗೆ ಬಂದ ಟೆಲಿಫೋನ್ ಸಾಮಾನಿನಿಂದ ಹಿಂದೆ ಎತ್ತಿಟ್ಟಿದ್ದ ಸಣ್ಣ ಟ್ರಾನ್ಸ್‌ಫಾರ್ಮರ್ ನೆನಪಾಯಿತು. ಅದರಲ್ಲಿ ಒಂದು ಸುರುಳಿಯಿಂದ ಇನ್ನೊಂದಕ್ಕೆ ದನಿ ದಾಟುತ್ತದೆ, ತಂತಿ ಮಾತ್ರ ತಾಗುವುದಿಲ್ಲ. ನನ್ನ ಆಂಪ್ಲಿಫೈಯರಿನ ದಾರಿಯಲ್ಲಿ ಅದನ್ನು ಕೂರಿಸಿದೆ. ಗಿಟಾರಿನ ಬಡ ದನಿ ಅದನ್ನು ದಾಟುವಾಗ ಸೊರಗುತ್ತದೆಂದು ಅದರ ಮುಂದೆ, ದನಿ ಹೆಚ್ಚಿಸಲು, ಬ್ಯಾಟರಿಯ ಒಂದು ಪುಟ್ಟ ಪ್ರಿಆಂಪ್ ಹಾಕಿದೆ. ಎರಡರ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಚುಚ್ಚಿದೆ. ಝುಂಯ್ ನಿಂತಿತು.

ಸ್ವಿಚ್ ಒತ್ತಿದಾಗೆಲ್ಲ ಸ್ಪೀಕರಿನಿಂದ 'ಢಬ್' ಎನ್ನುತ್ತಿತ್ತು. ಎರಡೂ ಕಡೆಗೆ ಒಂದೊಂದು ದೊಡ್ಡ ರೆಸಿಸ್ಟರನ್ನು ನೆಲತಂತಿಗೆ ಕಟ್ಟಿದ ಮೇಲೆ ಅದೂ ಹೋಯಿತು. ಕೊನೆಗೆ ಅವನು, ಒಂದು ಹಾಡಿಗೆ ಎರಡೂ ಒಟ್ಟಿಗೆ ಬೇಕು ಎಂದ. ಸ್ವಿಚ್ಚಿಗೆ ಎರಡನ್ನೂ ಕೂಡಿಸುವ ಇನ್ನೊಂದು ಮನೆ ಮಾಡಿದೆ. ಒಟ್ಟಿಗೆ ಹಚ್ಚಿದರೆ ದನಿ ದಪ್ಪವಾಗುವ ಬದಲು ಸೊರಗಿ ತೆಳ್ಳಗಾಯಿತು. ಒಂದರ ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದೆ ಎಳೆಯುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ಎರಡು ತಂತಿಗಳನ್ನು ಅದಲುಬದಲು ಮಾಡಿದ ತಕ್ಷಣ ಅಂಗಡಿಯ ಷಟರ್ ನಡುಗುವಂತೆ ದನಿ ತುಂಬಿಕೊಂಡಿತು. ಅವನು ಗಿಟಾರ್ ನಿಲ್ಲಿಸಿ ನನ್ನ ಮುಖ ನೋಡಿದ. ಮತ್ತೆ ಅದನ್ನೇ ಬಾರಿಸಿದ. ಈ ಸಲ ಮೇಜಿನ ಸ್ಟೆಬಿಲೈಜರನ್ನು ಬದಿಗೆ ಸರಿಸಿ, ನೇರ ಊರ ಕರೆಂಟಿನಲ್ಲೇ ಎಲ್ಲವನ್ನೂ ನೋಡಿದ್ದೆ.

ಹುಕ್ಕೇರಿಯ ಮದುವೆಯಲ್ಲಿ ಜೈನರ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಹಾಗಾಗಿ ಹಾಡು ಮೂರರಿಂದ ಐದರವರೆಗೆ. ಮೈಕ್‌ಸೆಟ್ ಹುಕ್ಕೇರಿಯ ಮೆಕ್ಯಾನಿಕ್ಕಿನದೇ. ಅವನು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ, ನಡುವೆ ಮಾತಿಲ್ಲ. ನಾಲ್ಕರ ಸುಮಾರಿಗೆ ಬಲ್ಬು ಕೆಂಪಗಾಯಿತು. ಗಿಟಾರಿನವನು ಸ್ವಿಚ್ಚಿನ ಮೇಲೆ ಕಾಲು ಒತ್ತಿದ, ನನ್ನ ಐವತ್ತು ವಾಟಿನ ಡಬ್ಬಿ ಗರ್ಜಿಸಿತು. ಕೊಲ್ಲಾಪುರದ ಹುಡುಗರು ಶಿಳ್ಳೆ ಹೊಡೆದರು. ಖರೆ ಹೇಳುತ್ತೇನೆ, ನನಗೆ ಕಣ್ಣು ತುಂಬಿತು. ಕೊನೆಯ ಹಾಡಾದ ಮೇಲೆ ಅವನು ಮೈಕಿನಲ್ಲಿ, "ಗೋಕಾಕದ ಮೆಕ್ಯಾನಿಕ್ಕಗ ನಾ ತಪ್ಪು ತಿಳದಿದ್ನಿ. ಅಂಥಾ ಕೈ ಈ ಜಿಲ್ಲಾದಾಗ ಇಲ್ಲ" ಎಂದ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಾಮಾನು ಕಟ್ಟುವಾಗ, ಗೆದ್ದ ಹುಮ್ಮಸ್ಸಿನಲ್ಲಿ, ತನ್ನ ಆಂಪ್ಲಿಫೈಯರಿಗೆ ಇಷ್ಟು ದಿನ ಏನಾಗಿತ್ತು ನೋಡೇಬಿಡೋಣ ಎಂದು ಅವನೇ ಹಿಂದಿನ ಕವರ್ ಬಿಚ್ಚಿದ. ಬಗ್ಗಿ ನೋಡಿದ. ಮದುವೆಮನೆಯ ಹಿರಿಯರೂ ಅಲ್ಲೇ ನಿಂತಿದ್ದರು.

"ಇದೇನಿದು? ಅಂಟು ಹಚ್ಚಿ ಕುಂದರಸಿದ್ದು? ನಮ್ಮ ಮನಿ ಸ್ಟೆಬಿಲೈಜರಿನಾಗ ಇಂಥಾದ್ದ ನೋಡೀನಿ ನಾ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಂಗಾಲಾಗಿ ಅವನ ಮುಖ ನೋಡಿದೆ. ಅವನು ನೋಡಿದ್ದು ನನ್ನ ಕಡೆ ಅಲ್ಲ. ನೇರ ಹೋಗಿ ಹುಕ್ಕೇರಿಯವನ ಕೊರಳಪಟ್ಟಿ ಹಿಡಿದ.

"ಕಡೀಕ ಬಿಚ್ಚಿದಾಂವ ನೀನ! ಒರಿಜಿನಲ್ ಎಲ್ಲಿ ಐತಿ ಹೇಳು! ಸುಮ್ಮಸುಮ್ಮನ ನಾ ಗೋಕಾಕದವರಿಗೆ ಬೈದ್ನಿ!"

ಹುಕ್ಕೇರಿಯವನು ಬಿಚ್ಚುವ ಮೊದಲೇ ಸೋಲೋ ಕೆಟ್ಟಿತ್ತು ಎಂಬುದು ಆ ಸಿಟ್ಟಿನಲ್ಲಿ ಅವನಿಗೆ ಹೊಳೆಯಲಿಲ್ಲ. ಅಂಗಿ ಪರ್ ಎಂದು ಹರಿಯಿತು. ಹಿರಿಯರು ನಡುವೆ ಬಂದು ಬಿಡಿಸಿದರು. ಆದರೆ ಅವರ ಮಾತು ಏಟಿಗಿಂತ ಜೋರಾಗಿತ್ತು. "ಇಂಥಾ ಮನುಷ್ಯಾನ ಮೈಕು ನಮ್ಮ ಸಮಾಜದ ಕಾರ್ಯಕ್ಕ ಇನ್ನ ಬ್ಯಾಡಪಾ. ಎಲ್ಲಾರಿಗೂ ಹೇಳಿಬಿಡ್ತೀನಿ."

ಹುಕ್ಕೇರಿಯವನ ಹೊಟ್ಟೆಪಾಡು ಆ ಊರಿನ ಮದುವೆಗಳ ಮೇಲೆಯೇ ನಡೆಯುತ್ತಿತ್ತು. ಅವನು ಹರಿದ ಕೊರಳಪಟ್ಟಿ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ. ನಾನು ಕೇಬಲ್ ಸುತ್ತುತ್ತಿದ್ದೆ. ಮುಚ್ಚಿಡಲಾರೆ, ಆ ಹೊತ್ತು ನನಗೆ ಸಮಾಧಾನವೇ ಆಗಿತ್ತು. ಸಂತೆಯಲ್ಲಿ ನನ್ನ ಮಾನ ಕಳೆದವನಲ್ಲವೇ, ಅನುಭವಿಸಲಿ. ಕೇಬಲ್ಲಿನ ಕೊನೆಯ ಸುತ್ತಿನವರೆಗೂ ಹಾಗೇ ಎಂದುಕೊಂಡೆ. ಆಮೇಲೆ, ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎನಿಸಿತು.

"ಅಂವನ್ನ ಬಿಡ್ರಿ. ಅದನ್ನ ಹಾಕಿದಾಂವ ನಾನು," ಎಂದೆ. "ನಿಮ್ಮದು ಸುಟ್ಟಿತ್ತು. ಸ್ವಚ್ಛ ಮಾಡೀನಿ ಅಂತ ಸುಳ್ಳು ಹೇಳೇನಿ. ಹಳೇದು ಅಂಗಡ್ಯಾಗ ಐತಿ."

ಗಿಟಾರಿನವನು ನನ್ನ ಕಡೆ ತಿರುಗಿದ. "ಮತ್ತ ಅವತ್ತು ಬೀದ್ಯಾಗ ಅಷ್ಟು ಜಗಳ ಯಾಕ ಆಡಿದ್ರಿ ನನ್ನ ಜೋಡಿ?"

"ನೀವು ಕಳ್ಳ ಅಂದ್ರಿ. ನಾ ಕದ್ದಿರಲಿಲ್ಲ."

ಆಮೇಲಿನ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನನಗೆ ಸಲ್ಲಬೇಕಾದವೇ. ಹಿರಿಯರು ಊಟಕ್ಕೆ ಏಳಿ ಎಂದು ಎಲ್ಲರನ್ನೂ ಕರೆದರು, ನನ್ನನ್ನು ಕರೆಯಲಿಲ್ಲ. ಟೆಂಪೋದಿಂದ ನನ್ನ ಐವತ್ತು ವಾಟಿನ ಡಬ್ಬಿಯನ್ನು ಇಳಿಸಿ ರಸ್ತೆಯ ಮೇಲಿಟ್ಟು ಆರ್ಕೆಸ್ಟ್ರಾದವರು ಹೊರಟುಹೋದರು. ಅದನ್ನು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲಿನ ಮೇಲೆ ಕುಳಿತೆ.

ಹುಕ್ಕೇರಿಯವನು ಅಲ್ಲಿಗೆ ಬಂದ. ಕೃತಜ್ಞತೆಯ ಮಾತೇನಾದರೂ ಆಡುತ್ತಾನೆಂದು ನಾನು ಕಾದದ್ದು ಸುಳ್ಳಲ್ಲ.

"ಬಿಚ್ಚಿದ ದಿನಾನ ನನಗ ಗೊತ್ತಾಗಿತ್ತು," ಎಂದ. "ನೀವು ರಿಪೇರಿ ಮಾಡಿದ ಸ್ಟೆಬಿಲೈಜರ್ ಎಷ್ಟು ಬಿಚ್ಚೇನಿ ನಾ. ನಿಮ್ಮ ಬೆಸುಗೆ ನನಗ ಗುರ್ತು ಸಿಗೋದಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರು ನಂಬತಿದ್ರು? ಇವತ್ತ ನೀವು ಸುಮ್ಮನ ಬಸ್ ಹತ್ತಿದ್ರಿ ಅಂದ್ರ, ನಾಳೆ ಗೋಕಾಕಕ್ಕ ಬಂದು ಅಂಗಡಿ ಮುಂದನ ಹೊಡೀತಿದ್ನಿ." ಜೇಬಿನಿಂದ ಒಂದು ಕಾಗದ, ಪೆನ್ನು ತೆಗೆದು ಚಾಚಿದ. "ಆ ಎರಡು ಆಂಪ್ಲಿಫೈಯರ್ ಜೋಡಸೋ ಡಬ್ಬಿ ಸರ್ಕ್ಯೂಟ್ ಬರಕೊಡ್ರಿ. ನನ್ನ ಅಂಗಿ ಹರದೈತಿ, ಅದರ ಲೆಕ್ಕ ಇದು."

ತೊಡೆಯ ಮೇಲೆ ಕಾಗದವಿಟ್ಟು ಬರೆದೆ. ಸ್ವಿಚ್ಚು, ಪ್ರಿಆಂಪು, ಟ್ರಾನ್ಸ್‌ಫಾರ್ಮರು, ಎರಡು ಗೆರೆ. ಕೊಟ್ಟೆ. ಅವನು ಬೆಳಕಿಗೆ ಹಿಡಿದು ಓದಿದ, ಆಮೇಲೆ ಕೇಳಿದ.

"ಇದರಾಗೂ ಏನರ ಬಿಟ್ಟೀರೇನು?"

ಸರ್ಕ್ಯೂಟ್ ಬರೆದುಕೊಡುವಾಗ ಒಂದನ್ನಾದರೂ ಬಿಟ್ಟೇ ಕೊಡುವುದು ನಮ್ಮ ಮಂದಿಯ ಹಳೆಯ ಚಾಳಿ. ಸಿಟ್ಟು ನೆತ್ತಿಗೇರಿತು, ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಢಬ್ ಎನ್ನದಂತೆ ಹಾಕಿದ ಆ ಎರಡು ರೆಸಿಸ್ಟರುಗಳು ಕಾಗದದಲ್ಲಿ ಇರಲಿಲ್ಲ. ಬಿಡಬೇಕೆಂದು ಬಿಟ್ಟಿರಲಿಲ್ಲ, ಕೈ ತಾನೇ ಬಿಟ್ಟಿತ್ತು. ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅವನ ಕೈಯಿಂದ ಕಾಗದವನ್ನು ವಾಪಸು ತೆಗೆದುಕೊಂಡು ಅವುಗಳನ್ನು ಬರೆದೆ.